ಆರನೆಯ ಬಿಲ್ಲೆ

ಹ್ಯಾಮ್‌ಟ್ರಾಮಿಕ್
17 ಏಪ್ರಿಲ್ 1994

ಪ್ರೀತಿಯ ಅಪ್ಪ,

ಯಾಗೊಡಾ ಸುಖವಾಗಿ ಮನೆ ಸೇರಿದಳು. ಇನ್ನೂರ ನಲವತ್ತು ಮೈಲಿ ಟ್ರೈಲರ್ ಮೇಲೆ ಮಹಾರಾಣಿಯ ಹಾಗೆ ಕೂತು ಬಂದಳು. ದಾರಿಯುದ್ದಕ್ಕೂ ಲಾರಿಯವರು ಹಾರ್ನ್ ಹೊಡೆದು ಕೈ ಬೀಸಿದ್ದು ನನಗಲ್ಲ ಎಂದು ಗೊತ್ತಿದ್ದರೂ ನಾನೂ ಬೀಸಿದೆ. ಅಜ್ಜಿ ಮನೆಯ ಗ್ಯಾರೇಜಿನಲ್ಲಿ ಅವಳನ್ನು ನಿಲ್ಲಿಸಿದರೆ ಆ ಕಡೆ ಈ ಕಡೆ ನಾಲ್ಕು ನಾಲ್ಕು ಬೆರಳು ಜಾಗ ಉಳಿಯುತ್ತದೆ. ಕಿಟಕಿಯಿಂದ ತೂರಿಕೊಂಡು ಇಳಿದೆ.

ಇಪ್ಪತ್ತನಾಲ್ಕು ವರ್ಷದಲ್ಲಿ ಬರೀ ಒಂಬತ್ತು ಸಾವಿರ ಮೈಲಿ! ನೀನು ಇಟ್ಟುಕೊಂಡದ್ದು ಕಾರನ್ನೋ ದೇವರನ್ನೋ? ನೀನು ಹೊದಿಕೆ ಸರಿಸಿ ಒರೆಸುವುದನ್ನು ನೋಡಿಕೊಂಡೇ ನಾನು ಬೆಳೆದೆ, ಓಡಿಸಿದ್ದನ್ನು ಕಂಡದ್ದು ಬೆರಳೆಣಿಕೆಯಷ್ಟು ಸಲ. ಅಮ್ಮ ಹಠ ಹಿಡಿಯದಿದ್ದರೆ ನೀನು ಇವಳನ್ನು ಕೊಡುತ್ತಲೂ ಇರಲಿಲ್ಲ. ಕೀಲಿ ಕೊಡುವಾಗ ನಿನ್ನ ಬೆರಳು ಅದನ್ನು ಬಿಡಲೇ ಇಲ್ಲ, ನಾನೇ ಎಳೆದುಕೊಳ್ಳಬೇಕಾಯಿತು.

ಆಗಸ್ಟ್‌ನಲ್ಲಿ ಇಲ್ಲಿ ಹಳೆಯ ಕಾರುಗಳ ಪ್ರದರ್ಶನ ಇದೆ. ಕಾರ್ಖಾನೆಯಿಂದ ಬಂದಂತೆಯೇ ಉಳಿದಿರುವ ಕಾರುಗಳ ವಿಭಾಗಕ್ಕೆ ಹೆಸರು ಕೊಟ್ಟಿದ್ದೇನೆ. ತೀರ್ಪುಗಾರರು ಭೂತಗನ್ನಡಿ ಹಿಡಿದು ಬಂದು ಎಂಜಿನ್, ಗಾಜು, ದೀಪ, ಒಂದೊಂದರ ಮೇಲಿನ ತಾರೀಖನ್ನೂ ಓದುತ್ತಾರಂತೆ. ಅವರಿಗಿಂತ ಮೊದಲು ನಾನೇ ಎಲ್ಲ ಓದಿ ಒಂದು ಫೈಲು ಮಾಡುತ್ತೇನೆ. ನಮ್ಮ ಟಿಂಕರಿಂಗ್ ಶಾಪಿನ ಡಾರ್ನೆಲ್ ಬಂದು ನೋಡಿ, "ಇದನ್ನ ಮುಟ್ಟೋಕೂ ಪುಣ್ಯ ಬೇಕು ಕಣೇ, ಮೊದಲು ಕೈ ತೊಳ್ಕೊ" ಅಂದ.

ಎರಡು ಪ್ರಶ್ನೆ. ಮೂರು ಕಾರ್ಬ್ಯುರೇಟರ್‌ಗಳಲ್ಲಿ ಆಚೀಚಿನ ಎರಡು ತೆರೆಯದ ಹಾಗೆ ತಂತಿ ಬಿಗಿದಿದ್ದೀಯಲ್ಲ, ಯಾಕೆ? ನಡುವಿನದೊಂದರಲ್ಲೇ ಇವಳನ್ನು ಓಡಿಸುವುದೆಂದರೆ ಹುಲಿಗೆ ಗಂಜಿ ಕುಡಿಸಿದ ಹಾಗೆ. ಇನ್ನೊಂದು, ಬಲಗಡೆ ಹಿಂದಿನ ಚಕ್ರದ ಮೇಲಿನ ತಗಡಿನೊಳಗೆ ಏನೋ ಗಲಗಲ ಅನ್ನುತ್ತದೆ. ಚಿಕ್ಕಂದಿನಿಂದ ಕೇಳಿದ ಸದ್ದೇ ಅದು. ಈಗ ಕಾರು ನನ್ನದು, ಬಿಚ್ಚಿ ನೋಡೋಣ ಅಂತಿದ್ದೇನೆ.

ಅಮ್ಮನಿಗೆ ಮುತ್ತು.
ನಿನ್ನ ರೆನಾಟ


ಪೈನ್ ಲೆಡ್ಜ್
29 ಏಪ್ರಿಲ್ 1994

ಮಗಳೇ ರೆನ್ಯಾ,

ಕಾಗದ ಮುಟ್ಟಿತು. ಚಳಿಯಲ್ಲಿ ನಿಂತ ಎಂಜಿನ್ನು, ಸ್ಟಾರ್ಟ್ ಮಾಡಿದ ಕೂಡಲೇ ಎಕ್ಸಿಲರೇಟರ್ ಒತ್ತಬೇಡ, ಆಯಿಲ್ ಮೇಲೆ ಹತ್ತಲಿ. ಈಗಿನ ತೆಳು ಆಯಿಲ್ ಇವಳ ಹೊಟ್ಟೆಗೆ ಒಗ್ಗುವುದಿಲ್ಲ, ಡೀಸೆಲ್ ಲಾರಿಗೆ ಹಾಕುವುದನ್ನು ಹಾಕು. ಪೆಟ್ರೋಲ್ ಟ್ಯಾಂಕ್ ಯಾವಾಗಲೂ ತುಂಬಿರಲಿ, ಅರ್ಧ ಖಾಲಿ ಇದ್ದರೆ ಒಳಗೆ ತುಕ್ಕು ಹಿಡಿಯುತ್ತದೆ. ಮಳೆಯಲ್ಲಿ ಹೊರಗೆ ತೆಗೆದೆ ಅಂತ ಗೊತ್ತಾದರೆ ಬಸ್ ಹಿಡಿದು ಬಂದು ಬೈದು ಹೋಗುತ್ತೇನೆ.

ಆ ತಂತಿ ಬಿಗಿದವನು ನಾನೇ. ಬಿಚ್ಚಬೇಡ. ಮೂರೂ ಒಟ್ಟಿಗೆ ತೆರೆದರೆ ಅವಳು ನಿನ್ನ ಮಾತು ಕೇಳುವುದಿಲ್ಲ.

ಗಲಗಲ ಸದ್ದು ಕಾರ್ಖಾನೆಯ ನಮ್ಮವರ ಚೇಷ್ಟೆ. ಸೂಪರ್‌ವೈಸರ್ ಮೇಲೆ ಸಿಟ್ಟು ಬಂದ ದಿನ ಯಾರೋ ಒಬ್ಬ ತಗಡಿನೊಳಗೆ ಒಂದು ನಟ್ಟು ಎಸೆದು ಮುಚ್ಚುತ್ತಿದ್ದ, ಕಾರು ಕೊಂಡವನು ಜನ್ಮವೆಲ್ಲ ಸದ್ದು ಹುಡುಕಿಕೊಂಡಿರಲಿ ಅಂತ. ಅದೂ ಕಾರಿನ ಹುಟ್ಟುಗುಣವೇ. ಬಿಚ್ಚಿದರೆ ಒಳಗಿನ ಕಾಗದದ ಹೊದಿಕೆ ಹರಿಯುತ್ತದೆ, ನಿನ್ನ ತೀರ್ಪುಗಾರರು ಅಂಕ ಕಳೆಯುತ್ತಾರೆ. ಸುಮ್ಮನೆ ಬಿಡು.

ಫೈಲಿಗೆ ಬೇಕಾದರೆ ಇದನ್ನು ಬರೆದುಕೊ. 1970ರ ಮೇ ಹನ್ನೆರಡಕ್ಕೆ ಅವಳು ನಮ್ಮ ಲೈನಿನಲ್ಲಿ ಹುಟ್ಟಿದಳು. ನನ್ನದೇ ಆರ್ಡರ್ ಎಂದು ಎಲ್ಲರಿಗೂ ಗೊತ್ತಿತ್ತು. ನಿನ್ನ ಲೂಡಿ ಮಾವ ಬೆಸುಗೆಯ ಗಂಟುಗಳನ್ನು ತಿಕ್ಕಿ ನಯ ಮಾಡಿದ, ನಾನು ಎರಡೂ ಬಾಗಿಲು ಕೂರಿಸಿದೆ. ನೇರಳೆ ಬಣ್ಣ ನೋಡಿ ನಿನ್ನಮ್ಮ ಯಾಗೊಡಾ ಅಂತ ನಮ್ಮ ಭಾಷೆಯ ಹಣ್ಣಿನ ಹೆಸರಿಟ್ಟಳು. ಲೂಡಿಯ ಕಥೆ ನಿನಗೆ ಬಾಯಿಪಾಠ. ಯುದ್ಧಕ್ಕೆ ಕರೆ ಬಂತು, ಸೈನ್ಯ ಸೇರಲು ಒಲ್ಲದೆ ಆಗಸ್ಟ್‌ನಲ್ಲಿ ಆರೂ ಇಟ್ಟು, ನದಿ ದಾಟಿ ಕೆನಡಾಕ್ಕೆ ಹೋದ. ಈಗಿನವರಿಗೆ ಆರೂ ಇಡುವ ಮಾತು ತಿಳಿಯದು, ಅದನ್ನೂ ಬರೆದುಕೊ. ಒಬ್ಬೊಬ್ಬನಿಗೆ ಅವನ ನಂಬರು ಒತ್ತಿದ ಆರು ಹಿತ್ತಾಳೆ ಬಿಲ್ಲೆ ಇರುತ್ತಿತ್ತು. ಉಪಕರಣದ ಕಿಟಕಿಯಲ್ಲಿ ಒಂದು ಬಿಲ್ಲೆ ಕೊಟ್ಟರೆ ಒಂದು ಉಪಕರಣ. ಕೆಲಸ ಬಿಡುವ ದಿನ ಆರನ್ನೂ ಹಿಂದಿರುಗಿಸಬೇಕು. ಅದಕ್ಕೇ ನಮ್ಮಲ್ಲಿ "ಆರೂ ಇಟ್ಟ" ಅಂದರೆ ಬಿಟ್ಟು ಹೋದ ಅಂತ ಅರ್ಥ. ಸತ್ತವರಿಗೂ ಹಾಗೇ ಅನ್ನುತ್ತಿದ್ದೆವು.

ಅಮ್ಮ ಚೆನ್ನಾಗಿದ್ದಾಳೆ.
ಅಪ್ಪ


ಹ್ಯಾಮ್‌ಟ್ರಾಮಿಕ್
5 ಜೂನ್ 1994

ಅಪ್ಪ,

ಹಿಂದಿನ ಸೀಟಿನ ಸ್ಪ್ರಿಂಗುಗಳ ನಡುವೆ ಅವಳ ಜಾತಕವೇ ಸಿಕ್ಕಿತು. ಯಾವ ಎಂಜಿನ್, ಯಾವ ಬಣ್ಣ, ಯಾವ ಗೇರು, ಎಲ್ಲ ಸಂಕೇತಗಳಲ್ಲಿ ಅಚ್ಚಾದ ಕಾರ್ಖಾನೆಯ ಕಾಗದ. ಇಲಿ ಒಂದು ಮೂಲೆ ತಿಂದಿದೆ, ಉಳಿದದ್ದು ಹಾಗೇ ಇದೆ. ನಾನು ಕುಣಿದಾಡಿಬಿಟ್ಟೆ. ಡಾರ್ನೆಲ್ ಅದನ್ನು ಗಾಜಿನ ಚೌಕಟ್ಟಿಗೆ ಹಾಕಿಸಿಕೊಟ್ಟ.

ಅಲ್ಲಿಂದ ಇಬ್ಬರೂ ಒಂದೊಂದೇ ಭಾಗ ಓದುತ್ತ ಹೋದೆವು. ಎಂಜಿನ್ನು ಏಪ್ರಿಲ್‌ನದು. ಮುಂದಿನ ಗಾಜು ಏಪ್ರಿಲ್, ಎಡ ಬಾಗಿಲಿನ ಗಾಜು ಮಾರ್ಚ್. ಬಲ ಬಾಗಿಲಿನ ಗಾಜು ಸೆಪ್ಟೆಂಬರ್. ಮೂರು ಸಲ ಒರೆಸಿ ಓದಿದೆ. ಮೇ ತಿಂಗಳಲ್ಲಿ ಹುಟ್ಟಿದ ಕಾರಿಗೆ ಸೆಪ್ಟೆಂಬರ್‌ನ ಗಾಜು ಎಲ್ಲಿಂದ ಬರುತ್ತದೆ? ಗಾಜಷ್ಟೇ ಅಲ್ಲ, ಬಾಗಿಲೇ ಬೇರೆ. ಎಡಗಡೆಯದರ ಒಳಮೈಯಲ್ಲಿ ತಪಾಸಣೆಯವನ ಹಳದಿ ಸೀಮೆಸುಣ್ಣದ ಗೀಟು ಇನ್ನೂ ಇದೆ, ಬಲಗಡೆಯದರಲ್ಲಿ ಇಲ್ಲ.

"ಯಾರೋ ಚೆನ್ನಾಗಿ ಗುದ್ದಿಸಿ, ಅದಕ್ಕಿಂತ ಚೆನ್ನಾಗಿ ರಿಪೇರಿ ಮಾಡಿದ್ದಾರೆ" ಅಂದ ಡಾರ್ನೆಲ್. "ನಮ್ಮಪ್ಪನ ಕಾರು ಕಣೋ, ಒಂದು ಗೀರೂ ಬಿದ್ದಿಲ್ಲ" ಅಂತ ಅವನ ಮೇಲೆ ರೇಗಿದೆ. ಆಮೇಲೆ ಬಾಗಿಲು ಹಾಕಿ ತೆಗೆದು ನೋಡಿದೆ. ಸುತ್ತಲೂ ಒಂದೇ ಅಳತೆಯ ಸಂದು, ಒಂದು ಕೂದಲೆಳೆ ವ್ಯತ್ಯಾಸವಿಲ್ಲ. ಹಾಗೆ ಕೂರಿಸುವ ಕೈ ನನಗೆ ಗೊತ್ತಿರುವುದು ಒಂದೇ.

ಏನಾಯಿತು ಹೇಳು. ಬೈಯುವುದಿಲ್ಲ. ಹೊಸ ಕಾರು ಗುದ್ದಿಸಿಕೊಂಡು ನಾಚಿಕೆಗೆ ಮುಚ್ಚಿಟ್ಟೆಯಾ?

ರೆನಾಟ


ಪೈನ್ ಲೆಡ್ಜ್
14 ಜೂನ್ 1994

ರೆನಾಟ,

ಕಲ್ಲಿನ ಲಾರಿಯಿಂದ ಒಂದು ಕಲ್ಲು ಹಾರಿ ಬಾಗಿಲಿಗೆ ಬಡಿಯಿತು. ಬದಲಾಯಿಸಿದೆ. ಅಷ್ಟೆ.

ಇನ್ನು ಮುಂದೆ ಕಾರಿನ ವಿಷಯ ಮನೆಯ ವಿಳಾಸಕ್ಕೆ ಬರೆಯಬೇಡ. ಪೋಸ್ಟ್ ಆಫೀಸಿನಲ್ಲಿ ಒಂದು ಪೆಟ್ಟಿಗೆ ತೆಗೆದುಕೊಂಡಿದ್ದೇನೆ, ನಂಬರು ನಲವತ್ತೊಂದು. ಡಾಕ್ಟರು ಅಮ್ಮನಿಗೆ ಯೋಚನೆ ಹಚ್ಚಬೇಡಿ ಅಂದಿದ್ದಾರೆ. ಅವಳ ಹೃದಯದ ವಿಷಯ ನಿನಗೆ ಗೊತ್ತು.

ನಾನು ಯೋಚಿಸಿದೆ. ಕಾರು ನಿನಗೆ ಕೊಟ್ಟದ್ದು ತಪ್ಪಾಯಿತು. ಆ ಮನೆಯ ಗ್ಯಾರೇಜು ಸೋರುತ್ತದೆ. ಜುಲೈ ಮೊದಲ ವಾರ ಟ್ರೈಲರ್ ತಂದು ವಾಪಸ್ ಕೊಂಡೊಯ್ಯುತ್ತೇನೆ. ಅಲ್ಲಿಯವರೆಗೆ ಏನನ್ನೂ ಬಿಚ್ಚಬೇಡ. ದಮ್ಮಯ್ಯ.

ಅಪ್ಪ


ಹ್ಯಾಮ್‌ಟ್ರಾಮಿಕ್
3 ಜುಲೈ 1994

ಅಪ್ಪ,

ನೀನು ಯಾವತ್ತೂ ದಮ್ಮಯ್ಯ ಅಂದವನಲ್ಲ. ಆ ಒಂದು ಮಾತಿಗೇ ನಾನು ಸ್ಕ್ರೂಡ್ರೈವರ್ ಕೈಗೆತ್ತಿಕೊಂಡದ್ದು. ನೀನು ಬಂದು ಕೊಂಡೊಯ್ಯುವ ಮೊದಲೇ ನೋಡಿಬಿಡಬೇಕು ಅನ್ನಿಸಿತು.

ಹಿಂದಿನ ಸೀಟಿನ ಪಕ್ಕದ ಹಲಗೆ ಬಿಚ್ಚಿದೆ. ಕಾಗದದ ಹೊದಿಕೆ ನೀನು ಹೇಳಿದ ಹಾಗೇ ಹರಿಯಿತು. ಕೈ ಇಳಿಬಿಟ್ಟು ತಡಕಾಡಿದೆ. ಸಿಕ್ಕಿದ್ದು ನಟ್ಟಲ್ಲ.

ಒಂದು ಹಿತ್ತಾಳೆ ಬಿಲ್ಲೆ. 2218. ಹಿಂದೆ ಅರದಿಂದ ಗೀಚಿದ ಅಕ್ಷರ: ಲೂಡಿ. ಬಿಲ್ಲೆಯ ತೂತಿಗೆ ಒಂದು ಕಬ್ಬಿಣದ ಉಂಗುರ, ಉಂಗುರದಲ್ಲಿ ಒಂದು ಕೀಲಿ. ಹಿಂದಿನ ಕಿಟಕಿಯ ಗಾಜು ಇಳಿಯುವ ಸಂದಿನಿಂದಲೇ ಅದು ಒಳಗೆ ಬಿದ್ದಿರಬೇಕು, ಬೇರೆ ದಾರಿ ಇಲ್ಲ. ಅಂದರೆ ಲೈನಿನ ಮೇಲೆ ಯಾರೂ ಎಸೆದದ್ದಲ್ಲ. ಕಾರು ಓಡಾಡತೊಡಗಿದ ಮೇಲೆ ಬಿದ್ದದ್ದು.

ಕೀಲಿ ಹಿಡಿದುಕೊಂಡು ಗ್ಯಾರೇಜಿನಿಂದ ಹೊರಗೆ ಬಂದೆ. ಆಮೇಲೆ ಹಿತ್ತಲಿಗೆ ಹೋಗಿ ಅಡುಗೆಮನೆಯ ಬಾಗಿಲಿಗೆ ಹಾಕಿ ತಿರುಗಿಸಿದೆ. ತೆರೆಯಿತು, ಅಪ್ಪ. ಅಜ್ಜಿ ಸಾಯುವವರೆಗೂ ಆ ಬೀಗ ಬದಲಾಯಿಸಲು ಬಿಡಲಿಲ್ಲವಲ್ಲ. "ಹುಡುಗ ಬಂದರೆ ಹೊರಗೆ ನಿಲ್ಲಬಾರದು" ಅನ್ನುತ್ತಿದ್ದಳಲ್ಲ.

ಪ್ರತಿ ಕ್ರಿಸ್‌ಮಸ್ ಹಿಂದಿನ ಸಂಜೆ ಅದೇ ಕಥೆ ಹೇಳಿದ್ದೀಯ. ನೀನು ಪಕ್ಕದಲ್ಲೇ ನಿಂತಿದ್ದೆಯಂತೆ, ಅವನು ಆರೂ ಬಿಲ್ಲೆ ಕಿಟಕಿಯಲ್ಲಿ ಸಾಲಾಗಿ ಇಟ್ಟನಂತೆ, ನಿನ್ನನ್ನು ತಬ್ಬಿಕೊಂಡನಂತೆ. ಹಾಗಾದರೆ ನನ್ನ ಅಂಗೈ ಮೇಲಿರುವುದು ಎಷ್ಟನೆಯದು?

ಟ್ರೈಲರ್ ತರಬೇಡ. ಗ್ಯಾರೇಜಿಗೆ ಬೇರೆ ಬೀಗ ಹಾಕಿದ್ದೇನೆ.

ರೆನಾಟ


ಹ್ಯಾಮ್‌ಟ್ರಾಮಿಕ್
22 ಆಗಸ್ಟ್ 1994

ಅಪ್ಪ,

ಏಳು ವಾರವಾಯಿತು. ಅಮ್ಮನ ಜೊತೆ ಫೋನಿನಲ್ಲಿ ಮಾತಾಡುವಾಗ ಹಿಂದೆ ನೀನು ಕೆಮ್ಮುವುದು ಕೇಳಿಸುತ್ತದೆ, ಆದರೆ ನೀನು ಫೋನಿಗೆ ಬರುವುದಿಲ್ಲ. "ನಿನ್ನಪ್ಪ ಊಟಾನೇ ಸರಿಯಾಗಿ ಮಾಡ್ತಿಲ್ಲ ಕಣೇ, ಮಧ್ಯಾಹ್ನ ಆದ್ರೆ ಆ ಸುಣ್ಣದಕಲ್ಲಿನ ಗಣಿ ಕಡೆ ನಡ್ಕೊಂಡು ಹೋಗ್ತಾನೆ, ಸಂಜೆಗೆ ಬೂಟೆಲ್ಲಾ ಸುಣ್ಣ ಮಾಡ್ಕೊಂಡು ಬರ್ತಾನೆ" ಅಂದಳು. ಕಾರಿನ ವಿಷಯ ಕೇಳಿದಳು. ಚೆನ್ನಾಗಿದ್ದಾಳೆ ಅಂದೆ. "ಇನ್ನೂ ಸದ್ದು ಮಾಡ್ತಾಳಾ?" ಅಂದಳು. ಇಲ್ಲ ಅಂದೆ. ಅವಳು ಆಮೇಲೆ ಟೊಮೆಟೊ ಗಿಡದ ಮಾತಿಗೆ ಹೋದಳು.

ಪ್ರದರ್ಶನಕ್ಕೆ ನಾನು ಹೋಗಲಿಲ್ಲ. ಡ್ರೈವರ್ ಪಕ್ಕದ, ಬಲಗಡೆಯ ಸೀಟಿನಲ್ಲಿ ಕೂರಲು ನನ್ನಿಂದ ಆಗುತ್ತಿಲ್ಲ. ಡಾರ್ನೆಲ್‌ನನ್ನೂ ಕೂರಲು ಬಿಡಲಿಲ್ಲ.

ಬರಿ.
ರೆನಾಟ


ಪೈನ್ ಲೆಡ್ಜ್
18 ಸೆಪ್ಟೆಂಬರ್ 1994

ರೆನ್ಯಾ,

ನಾಲ್ಕು ಸಲ ಬರೆದು ಒಲೆಗೆ ಹಾಕಿದೆ. ಇದು ಐದನೆಯದು.

ಅವನು ಸೋಮವಾರ ನದಿ ದಾಟುವುದೆಂದು ನಿಶ್ಚಯವಾಗಿತ್ತು. ಶನಿವಾರ, ಕೊನೆಯ ಸಲ ಮೀನು ಹಿಡಿದು ಬರೋಣ ಎಂದು ನಾವಿಬ್ಬರೇ ಈ ಕಡೆ ಬಂದೆವು. ಭಾನುವಾರ ಸಂಜೆ ವಾಪಸ್ ಹೊರಟಾಗ ಇಬ್ಬರೂ ಬಿಯರ್ ಕುಡಿದಿದ್ದೆವು, ನಾನು ಹೆಚ್ಚು. ಗಣಿಗೆ ಕಲ್ಲಿನ ಲಾರಿಗಳು ಓಡಾಡಲು ಮಾಡಿದ ದಾರಿ ಇದೆಯಲ್ಲ, ಎರಡು ಮೈಲಿ ದಾರದ ಹಾಗೆ ನೆಟ್ಟಗಿದೆ. ಲೂಡಿ ಕೀಲಿಗೊಂಚಲನ್ನು ಬೆರಳಿಗೆ ಹಾಕಿ ತಿರುಗಿಸುತ್ತ ಕೂತಿದ್ದ. "ಅಲ್ಲಿಗೆ ಹೋದ್ಮೇಲೆ ಇಂಥ ಕಾರು ಯಾವನು ಹತ್ತಿಸ್ತಾನೋ, ಜಿಗ್ಗಿ. ಒಂದ್ಸಲ ಮೂರೂ ತೆರೆದು ತೋರ್ಸು" ಅಂದ. ನಾನು ತೋರಿಸಿದೆ.

ಒಂದು ಜಿಂಕೆ ಅಡ್ಡ ಬಂತು. ಕಾರಿನ ಬಲಮಗ್ಗುಲು, ಲೂಡಿ ಕೂತಿದ್ದ ಕಡೆ, ಹೋಗಿ ಒಂದು ಕಲ್ಲಿನ ದಿಮ್ಮಿಗೆ ಬಡಿಯಿತು. ನನಗೆ ಹಣೆಯ ಮೇಲೆ ಒಂದು ಗೀರು, ಅಷ್ಟೆ.

ಇನ್ನೊಂದು ಮಾತಿದೆ. ಇಷ್ಟು ವರ್ಷ ಅದನ್ನು ನನಗೆ ನಾನೇ ಹೇಳಿಕೊಂಡಿಲ್ಲ. ಅವನು ಕೂಡಲೇ ಹೋಗಲಿಲ್ಲ. ಅರ್ಧ ಗಂಟೆ ಉಸಿರಾಡುತ್ತಿದ್ದ. ಎಂಜಿನ್ ಸ್ಟಾರ್ಟ್ ಆಗುತ್ತಿತ್ತು, ಚಕ್ರ ನಾಲ್ಕೂ ಸರಿಯಾಗಿದ್ದವು. ಪಟ್ಟಣದ ಆಸ್ಪತ್ರೆ ಇಪ್ಪತ್ತು ನಿಮಿಷದ ದಾರಿ. ನನ್ನ ಬಾಯಿ ಬಿಯರ್ ನಾರುತ್ತಿತ್ತು. ನಿನ್ನಮ್ಮನ ಹೊಟ್ಟೆಯಲ್ಲಿ ನೀನಿದ್ದೆ. ಜೈಲು, ನಿನ್ನಮ್ಮ, ನೀನು ಅಂತ ಲೆಕ್ಕ ಹಾಕುತ್ತ ರಸ್ತೆಯ ಮೇಲೆ ಕೂತಿದ್ದೆ. ಲೆಕ್ಕ ಮುಗಿಯುವಷ್ಟರಲ್ಲಿ ಅವನ ಉಸಿರೂ ಮುಗಿಯಿತು.

ಆಮೇಲಿನದೆಲ್ಲ ಸುಲಭವಾಗಿಬಿಟ್ಟಿತು. ಅವನು ಹೋಗುತ್ತಾನೆಂದು ಎಲ್ಲರಿಗೂ ಗೊತ್ತಿತ್ತು, ಹೋದ ಅಂದೆ, ನಂಬಿದರು. ಅವನ ಲಾಕರಿನಲ್ಲಿ ಐದೇ ಬಿಲ್ಲೆ ಇದ್ದವು. ಅವನ ಪರವಾಗಿ ಹೆದರಿಕೊಂಡೇ ಕಿಟಕಿಗೆ ಒಯ್ದೆ. ಕಿಟಕಿಯವನು ಪುಸ್ತಕ ನೋಡಿ ತಲೆಯಾಡಿಸಿದ, ಆರನೆಯದನ್ನು ಕೇಳಲೇ ಇಲ್ಲ. ಯಾಕೆ ಕೇಳಲಿಲ್ಲ ಎಂದು ಇವತ್ತಿಗೂ ನನಗೆ ತಿಳಿಯದು. ಮನೆಗೆ ಬಂದು, ಎಲ್ಲರೂ ಹೇಳುವ ಹಾಗೆ, ಆರೂ ಇಟ್ಟ ಅಂದೆ, ಸಾಲಾಗಿ ಇಟ್ಟದ್ದನ್ನು ಕಣ್ಣಾರೆ ಕಂಡೆ ಅಂದೆ.

ಗಣಿಯ ಆಚೆ, ಕಲ್ಲಿನ ಗುಡ್ಡೆಯ ಕೆಳಗಿದ್ದಾನೆ. ಕೆಲಸದಿಂದ ನಿವೃತ್ತನಾಗಿ ಎಲ್ಲರೂ ಫ್ಲಾರಿಡಾಕ್ಕೆ ಹೋಗುವಾಗ ನಾನು ಈ ಚಳಿಯ ಊರಿನಲ್ಲಿ ಯಾಕೆ ಮನೆ ಕೊಂಡೆ ಎಂದು ನೀನು ನಗುತ್ತಿದ್ದೆಯಲ್ಲ. ಅವನನ್ನು ಒಬ್ಬನೇ ಬಿಡಬಾರದು ಅನ್ನಿಸಿತು.

ನನಗೆ ಏನು ಬೇಕಾದರೂ ಮಾಡು. ನಿನ್ನಮ್ಮನಿಗೆ ಹೇಳಬೇಡ. ಅವಳು ಪ್ರತಿ ಕ್ರಿಸ್‌ಮಸ್‌ಗೆ ಅವನಿಗೊಂದು ತಟ್ಟೆ ಇಟ್ಟುಕೊಂಡು ಕಾಯುತ್ತಿರಲಿ. ಆ ಕಾಯುವಿಕೆಯೇ ಅವಳನ್ನು ಉಳಿಸಿದೆ.

ಅಪ್ಪ


ಹ್ಯಾಮ್‌ಟ್ರಾಮಿಕ್
6 ನವೆಂಬರ್ 1994

ಅಪ್ಪ,

ನಿನ್ನ ಕಾಗದವನ್ನು ಫೈಲಿನಲ್ಲಿ ಇಟ್ಟಿದ್ದೇನೆ, ಕಾರ್ಖಾನೆಯ ಕಾಗದದ ಪಕ್ಕದಲ್ಲಿ. ಅದೂ ಈ ಕಾರಿನ ಚರಿತ್ರೆಯೇ.

ನಿನ್ನನ್ನು ದ್ವೇಷಿಸಲು ಎರಡು ತಿಂಗಳು ಪ್ರಯತ್ನಪಟ್ಟೆ. ಗುದ್ದಿದ್ದಕ್ಕೆ ಆಗುವುದಿಲ್ಲ. ಆ ಅರ್ಧ ಗಂಟೆಗೆ ಆಗುತ್ತದೆ. ಅದರಲ್ಲಿ ನನ್ನ ಹೆಸರನ್ನೂ ಸೇರಿಸಿದೆಯಲ್ಲ, ಅದಕ್ಕೆ ಇನ್ನೂ ಹೆಚ್ಚು. ನಾನು ಹುಟ್ಟಿರಲೇ ಇಲ್ಲ ಅಪ್ಪ, ನನ್ನನ್ನು ಯಾಕೆ ಎಳೆದೆ?

ಕ್ರಿಸ್‌ಮಸ್ ಹಿಂದಿನ ಸಂಜೆ ನಮ್ಮವರೆಲ್ಲರ ಮನೆಯಲ್ಲೂ ಒಂದು ತಟ್ಟೆ ಹೆಚ್ಚಿಗೆ ಇಡುತ್ತಾರೆ, ಕರೆಯದೆ ಬರುವ ಅತಿಥಿಗೆ. ನಮ್ಮ ಮನೆಯಲ್ಲಿ ಮಾತ್ರ ಆ ಅತಿಥಿಗೆ ಹೆಸರಿತ್ತು. ಬೀಟ್‌ರೂಟ್ ಸಾರು ಬಡಿಸುವಾಗ ಅಮ್ಮ ಆ ತಟ್ಟೆಗೂ ಒಂದು ಸೌಟು ಹಾಕುತ್ತಿದ್ದಳು. ನೀನು ಅದರ ಎದುರಿಗೇ ಕೂತು ಉಣ್ಣುತ್ತಿದ್ದೆ. ಹೇಗೆ ಉಂಡೆ?

ಡಿಸೆಂಬರ್ ಇಪ್ಪತ್ತನಾಲ್ಕಕ್ಕೆ ಬರುತ್ತೇನೆ. ಅಷ್ಟರೊಳಗೆ ನೀನೇ ಅವಳಿಗೆ ಹೇಳು. ಬಂದಾಗ ಮೇಜಿನ ಮೇಲೆ ಆ ತಟ್ಟೆ ಇನ್ನೂ ಇಟ್ಟದ್ದು ಕಂಡರೆ ಬಿಲ್ಲೆಯನ್ನು ನಾನೇ ಅದರಲ್ಲಿ ಇಡುತ್ತೇನೆ.

ರೆನಾಟ


ಪೈನ್ ಲೆಡ್ಜ್
13 ನವೆಂಬರ್ 1994

ರೆನ್ಯಾ,

ನಾಡಿದ್ದಿನಿಂದ ಜಿಂಕೆ ಬೇಟೆ ಶುರು. ಹತ್ತು ವರ್ಷದಿಂದ ನಾನು ಪರವಾನಗಿ ತೆಗೆದಿಲ್ಲ, ಈ ವರ್ಷವೂ ತೆಗೆದಿಲ್ಲ. ಆದರೂ ಬಂದೂಕು ಇಳಿಸಿ ಎಣ್ಣೆ ಹಾಕಿಟ್ಟಿದ್ದೇನೆ.

ಯಾಗೊಡಾಳ ರೇಡಿಯೇಟರಿಗೆ ಚಳಿಗೆ ಹೆಪ್ಪುಗಟ್ಟದ ನೀರು ಹಾಕಿದೆಯಾ? ಬ್ಯಾಟರಿ ಬಿಚ್ಚಿ ಒಳಗಿಡು. ಬಾಗಿಲಿನ ರಬ್ಬರಿಗೆ ಸ್ವಲ್ಪ ಪೌಡರ್ ಹಚ್ಚು, ಇಲ್ಲದಿದ್ದರೆ ಅಂಟಿಕೊಳ್ಳುತ್ತದೆ.

ನೀನು ಒಳ್ಳೆಯ ಕೆಲಸಗಾರ್ತಿ. ಇದನ್ನು ಯಾವತ್ತೂ ಹೇಳಿರಲಿಲ್ಲ.

ಅಪ್ಪ


ಪೈನ್ ಲೆಡ್ಜ್
28 ಡಿಸೆಂಬರ್ 1994

ನನ್ನ ಚಿನ್ನ ರೆನಾಟ,

ಮೊದಲು ಇದನ್ನು ಓದಿಕೊ: ನಿನ್ನಪ್ಪ ಬದುಕಿದ್ದಾನೆ. ಹಿಮ ಬಿದ್ದು ಫೋನಿನ ತಂತಿ ಹರಿದು ಐದು ದಿನವಾಯಿತು, ರಸ್ತೆ ಇವತ್ತು ಬೆಳಿಗ್ಗೆ ತೆರೆದರು. ಹಿಮ ಎತ್ತಲು ಬಂದವರ ಕೈಯಲ್ಲಿ ನೀನು ಹೇಳಿಕಳಿಸಿದ್ದು ಮುಟ್ಟಿತು, ಅರ್ಧ ದಾರಿಯಿಂದ ವಾಪಸ್ ಹೋದದ್ದು ಒಳ್ಳೆಯದೇ ಆಯಿತು. ನವೆಂಬರ್‌ನಲ್ಲಿ ಅವನು ಬಂದೂಕು ಇಳಿಸಿದ ದಿನವೇ ನಾನು ತೋಟಾಗಳನ್ನು ಹಿಟ್ಟಿನ ಡಬ್ಬಿಯ ತಳದಲ್ಲಿ ಹೂತಿಟ್ಟೆ. ಅವನು ಹುಡುಕಾಡಿದ, ನನ್ನನ್ನು ಕೇಳಲಿಲ್ಲ.

ನಲವತ್ತೊಂದನೇ ಪೆಟ್ಟಿಗೆಯ ವಿಷಯ ನನಗೆ ಗೊತ್ತಿಲ್ಲ ಅಂದುಕೊಂಡಿರಾ ಇಬ್ಬರೂ? ಪೋಸ್ಟ್ ಆಫೀಸಿನ ಎಡ್ನಾ ಪ್ರತಿ ಗುರುವಾರ ನನ್ನ ಜೊತೆ ಇಸ್ಪೀಟು ಆಡುತ್ತಾಳೆ. ಆದರೆ ನಿನ್ನ ಕಾಗದ ಒಂದನ್ನೂ ನಾನು ಒಡೆಯಲಿಲ್ಲ. ಕಾಗದ ಬಂದ ದಿನ ನಿನ್ನಪ್ಪನ ಮುಖ ನೋಡಿದರೆ ಸಾಕಾಗುತ್ತಿತ್ತು.

ಇಪ್ಪತ್ತನಾಲ್ಕರ ಸಂಜೆ ಅವನೇ ಮೇಜು ಸಿದ್ಧಮಾಡುತ್ತೇನೆ ಅಂದ. ಪದ್ಧತಿಯಂತೆ ಮೇಜಿನ ಬಟ್ಟೆಯ ಕೆಳಗೆ ಹುಲ್ಲು ಹರವಿದ, ಮೇಣದಬತ್ತಿ ಹಚ್ಚಿದ. ನನಗೆ, ಅವನಿಗೆ, ನೀನು ಬಂದರೆ ನಿನಗೆ ಎಂದು ಮೂರು ತಟ್ಟೆ ಇಟ್ಟ. ನಾನು ಬೀರು ತೆಗೆದು ನಾಲ್ಕನೆಯದನ್ನು ತಂದೆ.

"ಅದನ್ನ ಅಲ್ಲೇ ಇಡು, ಇರೇನ. ಅವನು ಬರಲ್ಲ" ಅಂದ.

"ಗೊತ್ತು ಕಣೋ" ಅಂದೆ.

"ಗೊತ್ತಾ? ರೆನ್ಯಾ ಹೇಳಿದ್ಲಾ?"

"ಅವಳ್ಯಾಕೆ ಹೇಳ್ಬೇಕು? ಆರೂ ಇಟ್ಟ ಅಂತ ನೀನು ಹೇಳಿದ್ಯಲ್ಲ, ಆವತ್ತೇ ಗೊತ್ತಾಯ್ತು. ಕಿಟಕೀಲಿ ಇಡೋಕೆ ಅವನ ಹತ್ರ ಇದ್ದಿದ್ದೇ ಐದು, ಜಿಗ್ಗಿ."

ಕೆಲಸಕ್ಕೆ ಸೇರಿದ ಮೊದಲ ತಿಂಗಳೇ ಲೂಡಿ ಒಂದು ಬಿಲ್ಲೆ ಕಳೆದುಹೋಯಿತು ಎಂದು ಕಿಟಕಿಯವರ ಹತ್ತಿರ ಸುಳ್ಳು ಬರೆಸಿದ್ದ, ಕೀಲಿಗೊಂಚಲಿಗೆ ಹಾಕಿಕೊಳ್ಳಬೇಕು ಅಂತ. ಅವರ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಇದ್ದದ್ದು ಐದು. "ಯಾರಿಗೂ ಹೇಳ್ಬೇಡ ಕಣೇ ಅಕ್ಕ" ಅಂತ ನಗುತ್ತ ಆ ಬಿಲ್ಲೆಯನ್ನು ನನ್ನ ಮೂಗಿನ ಮುಂದೆ ಆಡಿಸಿದ್ದ. ನಾನು ಯಾರಿಗೂ ಹೇಳಲಿಲ್ಲ. ನಿನ್ನಪ್ಪನಿಗೂ ಹೇಳಿರಲಿಲ್ಲ.

ಅವನು ಕುರ್ಚಿಯ ಮೇಲೆ ಕುಸಿದು ಕೂತು ಎಲ್ಲ ಹೇಳಿದ. ಅರ್ಧ ಗಂಟೆಯ ಮಾತನ್ನೂ ಹೇಳಿದ. ಸಾರು ಆರಿ ತಣ್ಣಗಾಯಿತು. ಮುಗಿದ ಮೇಲೆ ಹಬ್ಬದ ತೆಳು ರೊಟ್ಟಿ ಮುರಿದು ಅರ್ಧವನ್ನು ನನ್ನ ಕಡೆ ಚಾಚಿದ. ಅದನ್ನು ತೆಗೆದುಕೊಂಡರೆ ಕ್ಷಮಿಸಿದ ಹಾಗೆ. ನಾನು ತೆಗೆದುಕೊಳ್ಳಲಿಲ್ಲ. ಅದು ಇನ್ನೂ ಮೇಜಿನ ಮೇಲೆಯೇ ಇದೆ.

ನಿನ್ನ ಹತ್ತಿರ ನಾನೂ ಒಂದು ತಪ್ಪು ಒಪ್ಪಿಕೊಳ್ಳಬೇಕು. ನಿನ್ನಪ್ಪ ಸುಳ್ಳು ಹೇಳಿದ್ದು ಗೊತ್ತಿತ್ತು, ಆ ಸುಳ್ಳಿನ ಹಿಂದೆ ಏನಿದೆ ಎಂದು ಗೊತ್ತಿರಲಿಲ್ಲ. ನೀನು ಹೊಟ್ಟೆಯಲ್ಲಿರುವಾಗ ಕೇಳಲು ಹೆದರಿದೆ. ನೀನು ಹುಟ್ಟಿದ ಮೇಲೆ ಇನ್ನಷ್ಟು ಹೆದರಿದೆ. ಬಾಯಿಂದ ಕೇಳಲಾಗದ್ದನ್ನು ತಟ್ಟೆಯಿಂದ ಕೇಳಿದೆ. ಆ ತಟ್ಟೆ ಲೂಡಿಗಾಗಿ ಇಡುತ್ತೇನೆಂದು ಅಜ್ಜಿ ನಂಬಿದ್ದಳು, ನೀನೂ ನಂಬಿದ್ದೆ. ನಾನು ಇಟ್ಟದ್ದು ನಿನ್ನಪ್ಪನಿಗಾಗಿ. ಇಪ್ಪತ್ತನಾಲ್ಕು ಸಲ ಅವನ ಎದುರಿಗೇ ಇಟ್ಟೆ.

ಕಾರನ್ನು ನಿನಗೇ ಕೊಡಬೇಕೆಂದು ಯಾಕೆ ಹಠ ಹಿಡಿದೆ ಗೊತ್ತಾ? ಆ ವರ್ಷ ಅವನು ಹೊಸ ಬಾಗಿಲು ಹಾಕಿದ್ದು ನನಗೆ ಗೊತ್ತಿತ್ತು. ಆ ಗಲಗಲ ಸದ್ದು ಶುರುವಾದದ್ದೂ ಬಾಗಿಲು ಬದಲಾದ ಮೇಲೆಯೇ. ನಾನು ಸದ್ದಿನ ಮಾತೆತ್ತಿದಾಗೆಲ್ಲ ಅವನು ರೇಡಿಯೋ ಜೋರು ಮಾಡುತ್ತಿದ್ದ. ನೀನಾದರೋ ಚಿಕ್ಕಂದಿನಲ್ಲಿ ಗಡಿಯಾರ, ಟೋಸ್ಟರು, ಹೊಲಿಗೆಯಂತ್ರ, ಎಲ್ಲಿ ಸದ್ದು ಬಂದರೂ ಬಿಚ್ಚಿ ನೋಡದೆ ಬಿಟ್ಟವಳಲ್ಲ.

ಶೆರೀಫನಿಗೆ ಹೇಳುವುದು ಹೇಳಲೇಬೇಕು, ಹೇಳುತ್ತೇವೆ. ಆದರೆ ಮೊದಲು ಲೂಡಿ ಇರುವ ಜಾಗ ನಾನು ನೋಡಬೇಕು. ಮೇ ತಿಂಗಳಿಗೆ ಹೆಪ್ಪುಗಟ್ಟಿದ ನೆಲ ಸಡಿಲವಾಗುತ್ತದೆ. ಆಗ ಬಾ. ಬಿಲ್ಲೆ ತಾ. ಐದು ಕೊಟ್ಟಾಗಿದೆ, ಆರನೆಯದನ್ನು ಅವನ ಹತ್ತಿರ ನಾನೇ ಇಡುತ್ತೇನೆ.

ಟ್ರೈಲರ್ ಬೇಡ, ಯಾಗೊಡಾಳನ್ನು ಓಡಿಸಿಕೊಂಡೇ ಬಾ. ನನ್ನ ಹೃದಯಕ್ಕೆ ಏನೂ ಆಗುವುದಿಲ್ಲ, ಅದು ನಿಮ್ಮಿಬ್ಬರಿಗಿಂತ ಗಟ್ಟಿಯಾಗಿದೆ. ಮುಂದೆ, ಬಲಗಡೆಯ ಸೀಟಿನಲ್ಲಿ ನಾನು ಕೂರುತ್ತೇನೆ. ನಿನ್ನಪ್ಪ ಹಿಂದೆ ಕೂತುಕೊಳ್ಳಲಿ. ದಾರಿ ಗೊತ್ತಿರುವುದು ಅವನೊಬ್ಬನಿಗೇ.

ಅಮ್ಮ